ಲೈಬ್ರರಿಯಲ್ಲಿ ಹಪ್ಪಳ ಹುಡುಕಿದ ವರ್ಷ

ಮೈಸೂರಿನ ಯೂನಿವರ್ಸಿಟಿ ಲೈಬ್ರರಿಯಲ್ಲಿ ನಾನು ಒಂಬತ್ತು ದಿನ ಕೂತು ಓದಿದ್ದು ಹಪ್ಪಳದ ವಿಷಯ. ಹೀಗೆಂದರೆ ಈಗಲೂ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಆಗಲೂ ನಕ್ಕರು. ನನ್ನನ್ನು ಕಳಿಸಿದ ನಮ್ಮವರನ್ನು ಬಿಟ್ಟರೆ ನಗದೆ ಇದ್ದವರು ಇಬ್ಬರೇ. ಒಬ್ಬರು ಆ ಲೈಬ್ರರಿಯ ತಲೆ ನರೆತ ಲೈಬ್ರರಿಯನ್ನರು. ಇನ್ನೊಬ್ಬರು ಹಾಸನದ ನಮ್ಮ ಮನೆಯಲ್ಲಿ ಉದ್ದಿನ ಹಿಟ್ಟು ಜರಡಿ ಹಿಡಿಯುತ್ತಾ ನನ್ನ ದಾರಿ ಕಾಯುತ್ತಿದ್ದ, ನನ್ನ ಗಂಡನ ಅಕ್ಕ.

ಅದು ಅರವತ್ತರ ದಶಕದ ಕೊನೆ. ಅಕ್ಕ ಮದುವೆಯಾಗಿ ಅರಕಲಗೂಡಿಗೆ ಹೋದವರು, ಆರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದಿದ್ದರು. ಮಕ್ಕಳಿರಲಿಲ್ಲ. ನಾನು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ನನಗೆ ಒಲೆ ಹಚ್ಚುವುದು ಹೇಳಿಕೊಟ್ಟವರು ಅವರೇ. ನಾನು ಓದಿದ ಕಾನ್ವೆಂಟಿನಲ್ಲಿ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿಸಿದ್ದರು, ಕರವಸ್ತ್ರಕ್ಕೆ ಹೂವಿನ ಕಸೂತಿ ಹಾಕಿಸಿದ್ದರು. ಹಸಿ ಸೌದೆ ಹೊತ್ತಿಸುವುದು ಯಾರೂ ಕಲಿಸಿರಲಿಲ್ಲ.

ಆ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅರಕಲಗೂಡಿನಿಂದ ಅಕ್ಕನ ಭಾವನವರ ಕಾಗದ ಬಂತು. ಅವರ ಹೆಂಡತಿಗೆ ಮಂಡಿನೋವು, ಒಲೆ ಮುಂದೆ ಕೂರಲಾಗುತ್ತಿಲ್ಲ. ‘ತಮ್ಮನ ಹೆಂಡತಿ ನಮ್ಮ ಮನೆಯವಳೇ ಅಲ್ಲವೆ, ಇನ್ನು ಇಲ್ಲೇ ಬಂದಿರಲಿ. ನವರಾತ್ರಿ ಕಳೆದ ಮೇಲೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ’ ಎಂದು ಬರೆದಿದ್ದರು. ಹನ್ನೊಂದು ಜನ ಉಣ್ಣುವ ಮನೆ ಅದು.

ನಮ್ಮ ಅತ್ತೆ ಕಾಗದವನ್ನು ಎರಡು ಸಲ ಓದಿಸಿ ಕೇಳಿದರು. “ಗಂಡನ ಮನೆಯೋರು ಕರೆದರೆ ಬರಲ್ಲ ಅನ್ನೋದು ಹೇಗೆ? ಅವಳದ್ದೇ ಅಂತ ಒಂದು ದಾರಿ ಇದ್ದಿದ್ದರೆ ಮಾತು ಬೇರೆ” ಎಂದರು. ಅವರು ಕೆಟ್ಟವರಲ್ಲ. ತಾವು ಕಣ್ಣು ಮುಚ್ಚಿದ ಮೇಲೆ ಮಗಳು ಯಾರ ಮನೆಯಲ್ಲಿ ಯಾವ ಹಕ್ಕಿನಿಂದ ಊಟಕ್ಕೆ ಕೂರಬೇಕು ಅನ್ನುವುದು ಅವರ ಚಿಂತೆ.

ಅಕ್ಕ ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ನಡೆದರು. ಅಲ್ಲಿ ಅವನ್ನು ಬೆಳಗುವಾಗ ನನಗೆ ಹೇಳಿದರು: “ಆ ಅಡಿಗೆಮನೆಯೊಳಕ್ಕೆ ಹೋದರೆ ನಾನು ಆಚೆ ಬರೋದು ನಾಲ್ಕು ಜನ ಎತ್ತಿಕೊಂಡಾಗಲೇ ಕಣೇ.”

ಅಕ್ಕನ ಕೈಯಲ್ಲಿ ಇದ್ದ ಒಂದೇ ವಿದ್ಯೆ ಹಪ್ಪಳ. ಅವರು ಲಟ್ಟಿಸಿದ ಉದ್ದಿನ ಹಪ್ಪಳವನ್ನು ಕಿಟಕಿಗೆ ಹಿಡಿದರೆ ಆಚೆಯ ನುಗ್ಗೆ ಮರ ಕಾಣುತ್ತಿತ್ತು. ನಮ್ಮವರು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಲೆಕ್ಚರರ್. ಅವರೇ ಒಂದು ದಿನ ಊಟದ ಎಲೆ ಮುಂದೆ, “ಅಕ್ಕಾ, ಇದನ್ನ ಮಾರಬಹುದು ಕಣೇ. ಆದರೆ ಎಲ್ಲಿ, ಯಾರಿಗೆ, ಹೇಗೆ ಅಂತ ಮೊದಲು ಸ್ಟಡಿ ಮಾಡಬೇಕು” ಎಂದರು.

“ಹಪ್ಪಳಕ್ಕೆ ಎಂಥಾ ಸ್ಟಡಿಯೋ? ಬೀಸಿ ಲಟ್ಟಿಸೋದು ಬಿಟ್ಟು?”

“ಮಾರ್ಕೆಟ್ ಸ್ಟಡಿ. ಅಮೆರಿಕದಲ್ಲಿ ಒಂದು ಸೋಪು ಮಾರಬೇಕಾದರೂ ಮಾಡ್ತಾರೆ.”

“ಅವರಿಗೆ ಬೇರೆ ಕೆಲಸ ಇಲ್ಲ ಬಿಡು” ಎಂದರು ಅಕ್ಕ. ಆದರೆ ನನ್ನ ಕಡೆ ತಿರುಗಿ ನೋಡಿದ ಅವರ ಕಣ್ಣಲ್ಲಿ ನಗು ಇರಲಿಲ್ಲ.

ಪ್ರತಿ ಬೇಸಿಗೆಯಲ್ಲಿ ನಮ್ಮವರು ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಮೈಸೂರಿಗೆ ಹೋಗುತ್ತಿದ್ದರು. ಆ ಸಲ ನನ್ನನ್ನೂ ಕರೆದುಕೊಂಡು ಹೊರಟರು. ತಮಗೆ ಬಿಡುವಿರುವುದಿಲ್ಲ, ನಾನು ಇಂಗ್ಲಿಷ್ ಬಲ್ಲವಳು, ಲೈಬ್ರರಿಯಲ್ಲಿ ಕೂತು ಬೇಕಾದ್ದನ್ನು ಬರೆದುಕೊಂಡು ಬಂದರೆ ಸಾಕು ಎಂದು ಲೆಕ್ಕ. ಹಾಸನದಿಂದ ರೈಲು. ಹೊಳೆನರಸೀಪುರದಲ್ಲಿ ನೀರು ತುಂಬಿಸಿಕೊಳ್ಳಲು ಗಾಡಿ ನಿಂತಾಗ, ಕಿಟಕಿಯ ಕಬ್ಬಿಣದ ಸರಳಿಗೆ ತಲೆ ಆನಿಸಿಕೊಂಡು ಯೋಚಿಸಿದೆ: ಈ ಊರಲ್ಲಿ ಎಷ್ಟು ಮನೆ, ಎಷ್ಟು ಅಡಿಗೆಮನೆ? ಹಾಗೆಲ್ಲ ಒಂದು ಊರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೈಸೂರಿನಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡೆವು. ಮಾರನೆಯ ದಿನ ನಮ್ಮವರು ಒಂದು ಪರಿಚಯದ ಪತ್ರ ಕೊಡಿಸಿ, ಲೈಬ್ರರಿಯ ಮೆಟ್ಟಿಲವರೆಗೂ ಬಿಟ್ಟು ಹೋದರು. ಬಾಗಿಲಲ್ಲೇ ಕೊಡೆ ಇಡಬೇಕು. ಒಳಗೆ ಎತ್ತರದ ಛಾವಣಿ, ನಿಧಾನಕ್ಕೆ ಸುತ್ತುವ ಫ್ಯಾನು, ಹಳೆಯ ಅಂಟಿನ ವಾಸನೆ. ಮೂಲೆಯಲ್ಲಿ ಹೆಂಗಸರಿಗೆಂದು ಒಂದು ಮೇಜು, ಅಲ್ಲಿ ಎಂ.ಎ. ಓದುವ ಹುಡುಗಿಯರು ಇಬ್ಬರು. ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತ ಹೆಂಗಸು ನಾನೊಬ್ಬಳೇ.

ಗೋಡೆಯುದ್ದಕ್ಕೂ ಸಣ್ಣ ಸಣ್ಣ ಮರದ ಡ್ರಾಯರುಗಳು. ಪ್ರತಿ ಪುಸ್ತಕಕ್ಕೂ ಒಂದೊಂದು ಕಾರ್ಡು, ಎಲ್ಲ ಕಾರ್ಡುಗಳ ಬುಡಕ್ಕೂ ತೂತು ಕೊರೆದು ಒಂದು ಕಂಬಿ ಪೋಣಿಸಿದ್ದರು. ಜನ ಹೆಚ್ಚು ಹುಡುಕುವ ವಿಷಯದ ಕಾರ್ಡುಗಳ ಅಂಚು ಬೆರಳಿನ ಎಣ್ಣೆಗೆ ಕಪ್ಪಾಗಿತ್ತು. ಕಾವ್ಯದ ಡ್ರಾಯರು ಕರ್ರಗೆ, ಇತಿಹಾಸದ್ದೂ ಅಷ್ಟೆ. ವ್ಯಾಪಾರದ ಡ್ರಾಯರು ಎಳೆದಾಗ ಕಾರ್ಡುಗಳು ಅಂಗಡಿಯಿಂದ ಈಗ ತಂದ ಹಾಗೆ ಬೆಳ್ಳಗಿದ್ದವು. ನನಗೆ ಧೈರ್ಯ ಕುಗ್ಗಿತು. ಹಪ್ಪಳ ಎಂದು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದೋ ಅಷ್ಟೂ ಥರ ಹುಡುಕಿದೆ. ಒಂದು ಕಾರ್ಡೂ ಇಲ್ಲ.

ಬೆಳಗ್ಗೆಯೆಲ್ಲ ಹೀಗೆ ಕಳೆದ ಮೇಲೆ ಲೈಬ್ರರಿಯನ್ನರು ತಾವೇ ಎದ್ದು ಬಂದರು. ಕೋಟು, ಪಂಚೆ, ಹಣೆಗೆ ಸಣ್ಣ ಅಕ್ಷತೆ. “ಏನು ಹುಡುಕ್ತಾ ಇದೀರಮ್ಮ?” ಎಂದರು.

ನಾಚಿಕೆಯಿಂದಲೇ ಹೇಳಿದೆ. ಅವರು ನಗದೆ, “ಹಪ್ಪಳ ಅಂತ ಹುಡುಕಿದರೆ ಸಿಗಲ್ಲ. ಹಪ್ಪಳ ಮಾಡೋರು ಪುಸ್ತಕ ಬರೆಯಲ್ಲ, ಪುಸ್ತಕ ಬರೆಯೋರು ಹಪ್ಪಳ ಮಾಡಲ್ಲ. ಗುಡಿ ಕೈಗಾರಿಕೆ ಅಂತ ನೋಡಿ. ಆಮೇಲೆ ನಿಮ್ಮ ಜಿಲ್ಲೆಯ ಜನಗಣತಿ. ನಿಮಗೆ ಬೇಕಾದ್ದು ಪುಸ್ತಕ ಅಲ್ಲಮ್ಮ, ರಿಪೋರ್ಟು” ಎಂದರು.

ಪುಸ್ತಕಕ್ಕೂ ರಿಪೋರ್ಟಿಗೂ ಇರುವ ವ್ಯತ್ಯಾಸ ನನಗೆ ಅಂದು ತಿಳಿಯಿತು. ಪುಸ್ತಕವನ್ನು ಮೊದಲಿಂದ ಕೊನೆಗೆ ಓದುತ್ತೇವೆ. ರಿಪೋರ್ಟಿನಲ್ಲಿ ನಮ್ಮ ಊರು ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ಹುಡುಕುತ್ತೇವೆ. ಜನಗಣತಿಯ ದಪ್ಪ ಸಂಪುಟದಲ್ಲಿ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಒಂದರ ಕೆಳಗೊಂದು ಕೂತಿದ್ದವು. ಎಷ್ಟು ಮನೆ, ಯಾರು ಬೇಸಾಯ, ಯಾರು ವ್ಯಾಪಾರ, ಯಾರು ಸಂಬಳದವರು ಎಂದೆಲ್ಲ ಕಾಲಮ್ಮು ಎಳೆದು ಕಂಬಕಂಬವಾಗಿ ಬರೆದಿತ್ತು. ಗುಡಿ ಕೈಗಾರಿಕೆಯ ಒಂದು ಸಮಿತಿಯ ವರದಿ ಸಿಕ್ಕಿತು. ಅದರಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗೆ ಎರಡೇ ಪುಟ. ಕೊನೆಗೆ ಒಂದು ಅಮೆರಿಕನ್ ಪುಸ್ತಕ, ಮಾರಾಟದ ಬಗ್ಗೆ. ಅದರಲ್ಲಿದ್ದ ಒಂದು ಅಧ್ಯಾಯವನ್ನು ಮೂರು ದಿನ ಕೂತು ನಕಲು ಮಾಡಿದೆ. ಸಾಮಾನನ್ನು ಮೊದಲು ಮಾದರಿಗೆಂದು ಪುಕ್ಕಟೆ ಕೊಡಬೇಕು, ಒಂದು ವಾರ ಬಿಟ್ಟು ಹೋಗಿ ಪ್ರಶ್ನೆ ಕೇಳಬೇಕು, ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮದಲ್ಲಿ. ಸಾಮಾನಿಗೆ ಒಂದು ಹೆಸರಿಡಬೇಕು, ಬಣ್ಣದ ಚೀಟಿ ಅಂಟಿಸಬೇಕು.

ಒಂಬತ್ತನೆಯ ದಿನ ಪುಸ್ತಕ ಹಿಂದಿರುಗಿಸುವಾಗ ಲೈಬ್ರರಿಯನ್ನರು, “ಸಿಕ್ಕಿತೇನಮ್ಮ?” ಎಂದು ಕೇಳಿದರು. “ಎಲ್ಲಾ ಸಿಕ್ಕಿತು ಸಾರ್” ಎಂದೆ. ಹಾಗೆಂದು ನಿಜವಾಗಿಯೂ ನಂಬಿದ್ದೆ.

ಊರಿಗೆ ಬಂದ ಮೇಲೆ ಬಿಸಿಲಿರುವಷ್ಟು ದಿನ ಅಕ್ಕ, ಅತ್ತೆ, ನಾನು ಸೇರಿ ಲಟ್ಟಿಸಿದೆವು. ಅಟ್ಟದ ಮೇಲೆ ತಗಡಿನ ಡಬ್ಬಗಳು ತುಂಬಿದವು. ಆಷಾಢದ ಮಳೆಯಲ್ಲಿ ನಾನು ಕೂತು ಅಮೆರಿಕದ ಪ್ರಶ್ನೆಗಳನ್ನು ಕನ್ನಡಕ್ಕೆ ತಂದೆ. ಉಪ್ಪು ಸರಿ ಇದೆಯೆ? ಖಾರ ಹೆಚ್ಚೋ ಕಡಿಮೆಯೋ? ಕರಿದಾಗ ಅರಳುತ್ತದೆಯೆ? ಅಂಗಡಿಯಲ್ಲಿ ಸಿಕ್ಕರೆ ಕೊಳ್ಳುವಿರಾ? ತಿಂಗಳಿಗೆ ಎಷ್ಟು ಕಟ್ಟು?

ಇನ್ನು ಮನೆಮನೆಗೆ ಹೋಗುವುದು ಹೇಗೆ? ಸುಮ್ಮನೆ ಒಬ್ಬಳೇ ಹೆಂಗಸು ಬಾಗಿಲು ತಟ್ಟಿ ಪ್ರಶ್ನೆ ಕೇಳಿದರೆ ಏನೆಂದುಕೊಳ್ಳುತ್ತಾರೆ? ನನಗೆ ಒಂದು ಉಪಾಯ ಹೊಳೆಯಿತು. ಹೊಳೆದದ್ದಕ್ಕೆ ಹೆಮ್ಮೆಯೂ ಆಯಿತು. ಶ್ರಾವಣದ ಶುಕ್ರವಾರಗಳಲ್ಲಿ ಅರಿಸಿನ ಕುಂಕುಮಕ್ಕೆ ಎಲ್ಲರ ಮನೆ ಬಾಗಿಲೂ ತೆರೆದಿರುತ್ತದೆ. ಹಾಸನದಲ್ಲಿ ನಮ್ಮ ಬೀದಿ, ಹಿಂದಿನ ಬೀದಿ. ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ನೆಂಟರ ಮನೆಗಳ ಸುತ್ತಮುತ್ತ. ಒಂದೊಂದು ಮನೆಗೂ ಹಣ್ಣು, ಎಲೆಅಡಿಕೆ ಜೊತೆಗೆ ಹಪ್ಪಳದ ಒಂದು ಕಟ್ಟು. ಅಕ್ಕ ಪ್ರತಿ ಕಟ್ಟಿಗೂ ಕೆಂಪು ನೂಲು ಸುತ್ತಿ, ಮೇಲೆ ಹೂವಿನಂತೆ ಗಂಟು ಹಾಕಿ ಕೊಟ್ಟರು. ಅವರು ಬರುವ ಹಾಗಿರಲಿಲ್ಲ. ಕುಂಕುಮದ ಕರೆ ಅವರಿಗೆ ನಿಂತು ಎಷ್ಟೋ ವರ್ಷವಾಗಿತ್ತು. ನಾನು ರೇಷ್ಮೆ ಸೀರೆ ಉಟ್ಟು ಹೊರಡುವಾಗ ಅಕ್ಕ ಬಾಗಿಲ ಒಳಗೇ ನಿಂತು, “ಖಾರದ ವಿಷಯ ಮಾತ್ರ ಮರೀದೇ ಕೇಳೇ” ಎನ್ನುತ್ತಿದ್ದರು.

ಮುಂದಿನ ಶುಕ್ರವಾರ ಅದೇ ಮನೆಗಳಿಗೆ ಹೋಗಿ ಕೇಳಿದೆ. ಉಪ್ಪು? ಸರಿಯಾಗಿದೆ. ಖಾರ? ಹದವಾಗಿದೆ. ಕೊಳ್ಳುತ್ತೀರಾ? “ಅಯ್ಯೋ, ಇಷ್ಟು ಚೆನ್ನಾಗಿರೋದು ಸಿಕ್ಕರೆ ಬಿಡ್ತೀವೇನ್ರೀ!” ಒಬ್ಬರೂ ಒಂದು ಕೊರತೆ ಹೇಳಲಿಲ್ಲ. ನಾನು ಸ್ಕೇಲು ಇಟ್ಟು ಗೆರೆ ಎಳೆದು, ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಎಲ್ಲವನ್ನೂ ಕಂಬಗಳಲ್ಲಿ ತುಂಬಿದೆ. ನಮ್ಮವರು ನೋಡಿ, “ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಯಾರೂ ಇಷ್ಟು ಅಚ್ಚುಕಟ್ಟಾಗಿ ಮಾಡಿಲ್ಲ ಕಣೆ” ಎಂದರು. ಬಣ್ಣದ ಚೀಟಿಗೆ ಪ್ರೆಸ್ಸಿನವರಿಗೆ ಹೇಳುವುದೆಂದು ತೀರ್ಮಾನವಾಯಿತು. ಅತ್ತೆ ಮೊದಲ ಸಲ, “ಹಾಗಾದರೆ ಅರಕಲಗೂಡಿಗೆ ಏನಂತ ಬರೆಯೋಣ?” ಎಂದು ಕೇಳಿದರು. ಅಕ್ಕ ಅಂದು ಎರಡು ಸಲ ಕಾಫಿ ಕುಡಿದರು.

ಅದಾಗಿ ಎರಡು ದಿನಕ್ಕೋ ಮೂರು ದಿನಕ್ಕೋ, ಕಟ್ಟಾಯದ ಕಡೆಯಿಂದ ಮೊಸರು ತರುತ್ತಿದ್ದ ಹೆಂಗಸು ಗಡಿಗೆ ಇಳಿಸಿ ಜಗಲಿಯ ಮೇಲೆ ಕೂತಳು. ಅಕ್ಕ ಪಾತ್ರೆ ತರಲು ಒಳಗೆ ಹೋಗಿದ್ದರು.

“ನಿಮ್ಮನೆ ಅಪ್ಳ ಬಲೇ ಸಂದಾಗವೆ ಕಣ್ರವ್ವಾ” ಎಂದಳು.

“ನೀನೆಲ್ಲಿ ತಿಂದೆ?”

“ಮೂಲೆಮನೆ ಅಮ್ಮಾರು ಕೊಟ್ರು. ಆಚೆ ಬೀದಿ ಮೇಷ್ಟ್ರು ಮನೆಯೋರೂ ಕೊಟ್ರು. ಈ ತಿಂಗ್ಳೆಲ್ಲ ನಮ್ಮಟ್ಟೀಲಿ ಅಪ್ಳವೇ ಅಪ್ಳ. ನಮ್ಮೈಕ್ಳು ಮುದ್ದೆಗೂ ನೆಂಚ್ಕಂಡ್ ತಿಂತವೆ.” ಅವಳು ನಕ್ಕಳು.

“ನಮ್ಮನೇದೇ ಅಂತ ಹೇಗೆ ಗೊತ್ತು?”

“ಕೆಂಪ್ ದಾರ ಇನ್ಯಾರ್ ಕಟ್ಟಾರು? ಎಂಟ್ ಮನೆಯೋರು ಕೊಟ್ಟವ್ರೆ ಕಣವ್ವಾ.”

“ಅವರಿಗೆ ಹಿಡಿಸಲಿಲ್ಲವೇನು? ನನ್ನ ಹತ್ತಿರ ಚೆನ್ನಾಗಿದೆ ಅಂದರಲ್ಲ!”

“ಅರಿಸ್ನ ಕುಂಕ್ಮ ಕೊಡಾಕ್ ಬಂದೋರ್ ಮುಂದೆ ಸಂದಾಗಿಲ್ಲ ಅಂತಾರಾ ಯಾರಾನಾ? ನೀವ್ ಓದ್ದೋರು, ಅಷ್ಟೂ ತಿಳಿಯಾಕಿಲ್ವಾ? ಇನ್ನೊಬ್ರ ಮನೆ ನೀರ್ನಾಗೆ ಕಲ್ಸಿದ್ದು ಅವ್ರ ಮಡಿಗೆ ಬರಾಕಿಲ್ಲ. ತಿಂದ್ ನೋಡಿದ್ರೆ ತಾನೇ ಉಪ್ಪು ಖಾರ ಏಳಾಕೆ!”

ಹೊಸಿಲಿನ ಹತ್ತಿರ ಪಾತ್ರೆ ಹಿಡಿದು ಅಕ್ಕ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೊಸರು ಹಾಕಿಸಿಕೊಂಡು ಒಳಗೆ ಹೋದರು, ಅಷ್ಟೆ.

ನಾನು ನನ್ನ ಕೋಷ್ಟಕ ತೆಗೆದು ನೋಡಿದೆ. ಸುಳ್ಳು ಹೇಳಿದವರು ಅವರಲ್ಲ ಅನ್ನಿಸಿತು. ಶುಕ್ರವಾರದ ದಿನ ತಾಂಬೂಲದ ಜೊತೆಗೆ ಕೈಗೆ ಬಂದದ್ದಕ್ಕೆ ಕೊರತೆ ಹೇಳಬಾರದು ಎಂದು ನಾನೂ ಹುಟ್ಟಿದಾಗಿನಿಂದ ಬಲ್ಲೆ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ. ಪುಕ್ಕಟೆ ಮಾದರಿ ಕೊಡಿ ಎಂದು ಆ ಪುಸ್ತಕ ಬರೆದವರಿಗೆ ನಮ್ಮ ಶ್ರಾವಣ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಅದನ್ನು ಮರೆತಿದ್ದೆ. ಪ್ರೆಸ್ಸಿಗೆ ಹೇಳುವುದು ಬೇಡವೆಂದು ನಮ್ಮವರಿಗೆ ತಿಳಿಸಿದೆ. ನವರಾತ್ರಿಗೆ ಎರಡು ತಿಂಗಳೂ ಉಳಿದಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಅಕ್ಕ ಒಂದು ಚೀಲಕ್ಕೆ ಸೀರೆ, ಇನ್ನೊಂದಕ್ಕೆ ಹಪ್ಪಳದ ಕಟ್ಟು ತುಂಬಿಕೊಂಡು, “ನಾನೇ ಒಂದು ಸುತ್ತು ಹೋಗಿ ಬರ್ತೀನಿ. ನಿನ್ನ ಪ್ರಶ್ನೆ ಐದೂ ಇನ್ನೊಂದು ಸಲ ಹೇಳೇ” ಎಂದರು.

“ಬರೆದುಕೊಡ್ಲಾ ಅಕ್ಕಾ?”

“ಬೇಡ. ಕಾಗದ ನೋಡಿದರೆ ಬಾಯಿ ಮುಚ್ಚಿಕೊಳ್ತಾರೆ.”

ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋದರು. ಅಲ್ಲಿಂದ ಬಂದು ಹೊಳೆನರಸೀಪುರಕ್ಕೆ. ಹಾಸನದಲ್ಲೂ ನಾನು ಹೋಗದಿದ್ದ ಬಡಾವಣೆಗಳಿಗೆ. ನಾನು ಮುಂಬಾಗಿಲಿನಿಂದ ಹೋಗಿ ಚಾಪೆಯ ಮೇಲೆ ಕೂತಿದ್ದೆ. ಅಕ್ಕ ಹಿತ್ತಲ ಬಾಗಿಲಿನಿಂದ ಹೋದರು. ಅವರು ತಾಂಬೂಲ ಕೊಡುವ ಹಾಗಿಲ್ಲ, ತೆಗೆದುಕೊಳ್ಳುವ ಹಾಗೂ ಇಲ್ಲ. ಆದ್ದರಿಂದ ಅಲ್ಲಿ ಶಾಸ್ತ್ರದ ಮಾತೇ ಹುಟ್ಟಲಿಲ್ಲ. ಅಕ್ಕಿ ಆರಿಸುವವರ ಜೊತೆ ಮೊರ ಎಳೆದುಕೊಂಡು ಕೂತರು, ಹುಣಿಸೆಹಣ್ಣಿನ ಬೀಜ ಬಿಡಿಸಿಕೊಟ್ಟರು. ಅಂಥವರ ಮುಂದೆ ಹೆಂಗಸರು ಏನನ್ನು ಮುಚ್ಚಿಡುತ್ತಾರೆ? ಎಲ್ಲ ಹೇಳಿದರು.

ಅಕ್ಕ ಬಂದ ಮೇಲೆ ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಹೇಳುತ್ತಾ ಹೋದರು, ನಾನು ಕೋಷ್ಟಕದ ಕಾಗದದ ಹಿಂಬದಿಗೇ ಬರೆದುಕೊಂಡೆ.

“ಹಳೇ ಮನೆಗಳ ಆಸೆ ಬಿಡು. ಹಪ್ಪಳ ಕೊಂಡುಕೊಂಡರು ಅಂದರೆ ಆ ಮನೆ ಅತ್ತೆಗೆ ಅವಮಾನ. ಆದರೆ ಈ ವರ್ಗವಾಗಿ ಬಂದ ಆಫೀಸರ್‌ಗಳ ಮನೆ ಇದೆ ನೋಡು, ಬಾಡಿಗೆ ಮನೆ, ಆ ಹೆಂಗಸರ ಗೋಳು ಕೇಳಬೇಕು. ಬಿಸಿಲಿಗೆ ಹರಡೋಕೆ ಅಂಗಳ ಇಲ್ಲ. ಕುಟ್ಟೋಕೆ ಜೊತೆಗೆ ಇನ್ನೊಂದು ಕೈ ಇಲ್ಲ. ಒಬ್ಬಳು ಕಣೇ, ಇನ್ನೂ ಚಿಕ್ಕವಳು, ಹಬ್ಬದ ದಿನ ಎಲೆಗೆ ಹಪ್ಪಳ ಬಡಿಸೋಕಾಗಲಿಲ್ಲ ಅಂತ ನನ್ನ ಮುಂದೆ ಅತ್ತಳು.”

“ಅವರು ಕೊಳ್ತಾರಾ?”

“ಕೊಳ್ತಾರೆ. ಆದರೆ ನಿನ್ನ ಬಣ್ಣದ ಚೀಟಿ ಬೇಡವಂತೆ. ಗಂಡನಿಗೂ ಬಂದವರಿಗೂ ಊರಿಂದ ಅಮ್ಮ ಕಳಿಸಿದ್ದು ಅಂತ ಹೇಳಿಕೊಳ್ಳಬೇಕಂತೆ. ಬರೀ ಡಬ್ಬೀಲಿ ತಂದುಕೊಡಿ ಅಂದರು. ಇನ್ನೊಂದು ವಿಷಯ. ಖಾರ ಜಾಸ್ತಿ ಆಯ್ತಂತೆ. ಚಿಕ್ಕ ಮಕ್ಕಳಿರೋ ಮನೆ ಅವೆಲ್ಲ.”

ಕೊನೆಯ ಮಾತನ್ನು ಅವರು ನಗುತ್ತಲೇ ಹೇಳಿದರು. ಅಷ್ಟು ವರ್ಷದಲ್ಲಿ ಅವರ ಹಪ್ಪಳಕ್ಕೆ ಯಾರಾದರೂ ಕೊರತೆ ಹೇಳಿದ್ದು ಅದೇ ಮೊದಲು. ಆ ಕೊರತೆಯನ್ನು ಅವರು ದೂರದ ಊರಿಂದ ಏನೋ ಸಂಪಾದಿಸಿಕೊಂಡು ಬಂದವರಂತೆ ಹೇಳಿದರು.

ಆಗ ನನಗೆ ಜನಗಣತಿಯ ಆ ಕಂಬ ನೆನಪಾಯಿತು. ಸಂಬಳದವರು ಎಂಬ ಕಂಬ. ಲೈಬ್ರರಿಯಲ್ಲಿ ಅದನ್ನು ಬರೆದುಕೊಂಡಿದ್ದೆ. ಸಂಖ್ಯೆ ಚಿಕ್ಕದೆಂದು ಬದಿಗೆ ತಳ್ಳಿದ್ದೆ. ನೋಟ್‌ಬುಕ್ ತೆಗೆದು ಅಕ್ಕನ ಪಕ್ಕ ಕೂತು ಊರೂರಿಗೂ ನೋಡಿದೆವು. ಹಾಸನದಲ್ಲಿ ಅಂಥವರೇ ಹೆಚ್ಚು. ಗೊರೂರಿನಲ್ಲಿ ಅಣೆಕಟ್ಟಿನ ಕೆಲಸಕ್ಕೆಂದು ಕ್ವಾರ್ಟರ್ಸ್ ಏಳುತ್ತಿದ್ದದ್ದು ಜನಗಣತಿಯಲ್ಲಿ ಇರಲಿಲ್ಲ, ಬಸ್ಸಿನಲ್ಲಿ ಹೋಗಿ ನೋಡಿದೆವು. ಸಾಲಾಗಿ ಒಂದೇ ಥರದ ಮನೆಗಳು, ಹಿಂದೆ ಮೊಳದಷ್ಟು ಜಾಗ, ಅದರಲ್ಲಿ ಮಗುವಿನ ಬಟ್ಟೆ ಒಣಗಿಸಿದ್ದರು. ಅಕ್ಕ ಆ ಜಾಗವನ್ನೇ ನೋಡುತ್ತಾ ನಿಂತು, “ಇಲ್ಲಿ ಹಪ್ಪಳ ಒಣಗಿಸೋಕೆ ಸಾಧ್ಯವೇ ಇಲ್ಲ” ಎಂದರು. ಅಷ್ಟು ಸಂತೋಷದಿಂದ ಆ ಮಾತನ್ನು ಯಾರೂ ಹೇಳಿರಲಾರರು.

ಅಟ್ಟದ ಡಬ್ಬಗಳು ನವರಾತ್ರಿಯ ಹೊತ್ತಿಗೆ ಖಾಲಿಯಾದವು. ಬಿಸಿಲು ಬಿದ್ದ ಕೂಡಲೇ ಖಾರ ಇಳಿಸಿ ಹೊಸ ಹಿಟ್ಟು ಕಲಸಿದೆವು. ಅದೇ ವಾರ ಅರಕಲಗೂಡಿನ ಭಾವನವರು ಬಂದರು. ಒಳ್ಳೆಯ ಮನುಷ್ಯ, ನಿಧಾನವಾಗಿ ಮಾತಾಡುವವರು. ಕಾಲು ತೊಳೆದು, ನೀರು ಬೆಲ್ಲ ತೆಗೆದುಕೊಂಡು, “ಎಲ್ಲಾ ಕಟ್ಟಿಕೊಂಡಿದೀಯಾ ತಾಯಿ? ನಾಲ್ಕು ಗಂಟೆ ಬಸ್ಸಿಗೆ ಹೊರಡೋಣ” ಎಂದರು.

ಅಕ್ಕ ಅಡಿಗೆಮನೆಯ ಬಾಗಿಲಿಗೆ ಬಂದರು. ಕೈಯೆಲ್ಲ ಹಿಟ್ಟು. “ಭಾವ, ಗೊರೂರಿನ ಹದಿನಾಲ್ಕು ಮನೆಗೆ ಮಾತು ಕೊಟ್ಟಿದೀನಿ. ದೀಪಾವಳಿಗೆ ಮುಂಚೆ ತಲುಪಿಸಬೇಕು.”

“ಸರಿ. ಅದು ಮುಗಿದ ಮೇಲೆ?”

“ಅದಾದ ಮೇಲೆ ಸಂಕ್ರಾಂತಿಗೆ ಹೇಳಿದಾರೆ.”

ಭಾವನವರು ಅತ್ತೆಯ ಕಡೆ ನೋಡಿದರು. ಅತ್ತೆ ಹೂಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತದೆಯೇ, “ಒಪ್ಪಿಕೊಂಡ ಕೆಲಸ ಬಿಟ್ಟು ಬಾ ಅಂತ ನಾನು ಹೇಗೆ ಹೇಳಲಿ? ಅವಳ ಕೆಲಸ, ಅವಳನ್ನೇ ಕೇಳಿ” ಎಂದರು.

ಭಾವನವರು ಮತ್ತೆ ಕೇಳಲಿಲ್ಲ. ಊಟ ಮಾಡಿದರು. ಎಲೆಗೆ ಬಡಿಸಿದ ಹಪ್ಪಳ ಮುರಿದು ಬಾಯಿಗಿಟ್ಟು, “ಖಾರ ಸಾಲದಲ್ಲ” ಎಂದರು. “ಹೌದು ಭಾವ, ಬೇಕಂತಲೇ ಕಡಿಮೆ ಮಾಡಿದೀನಿ” ಎಂದರು ಅಕ್ಕ. ನಾಲ್ಕು ಗಂಟೆಯ ಬಸ್ಸಿಗೆ ಅವರೊಬ್ಬರೇ ಹೋದರು.

ಅದಾದ ಮೇಲೆ ಅವರ ಹೆಂಡತಿಗೆ ಕಾಯಿಲೆ ಜೋರಾದಾಗ ಅಕ್ಕ ಯಾರೂ ಕರೆಯದೆ ತಾವಾಗಿ ಅರಕಲಗೂಡಿಗೆ ಹೊರಟರು. ಎರಡು ತಿಂಗಳು ಅಲ್ಲೇ ಇದ್ದು, ಆರೈಕೆ ಮಾಡಿ, ಹನ್ನೊಂದು ಜನಕ್ಕೂ ಬೇಯಿಸಿ ಹಾಕಿದರು. ಹಾಸನದಿಂದ ಹೊರಡುವ ದಿನ ನಾನು ಬಸ್ ಸ್ಟ್ಯಾಂಡಿನವರೆಗೆ ಚೀಲ ಹಿಡಿದುಕೊಂಡು ಹೋಗಿದ್ದೆ. ಬಸ್ಸು ಹತ್ತುವ ಮುಂಚೆ ಅವರು ಕಂಡಕ್ಟರನನ್ನು ಕರೆದು, ಅರಕಲಗೂಡಿನಿಂದ ಹಾಸನಕ್ಕೆ ವಾಪಸು ಬಸ್ಸು ದಿನಕ್ಕೆ ಎಷ್ಟು, ಯಾವ ಯಾವ ಹೊತ್ತಿಗೆ ಎಂದು ಒಂದೊಂದನ್ನೂ ವಿಚಾರಿಸಿಕೊಂಡರು.